ಮೂವತ್ತು ಸೆಕೆಂಡಿನ ಕೋಡುಬಳೆ

ಸೀರೆಯ ಜಾಹೀರಾತಿನಲ್ಲಿ ಸೀರೆ ಕಣ್ಣಿಗೆ ಕಾಣುತ್ತದೆ. ಗಡಿಯಾರದ ಜಾಹೀರಾತಿನಲ್ಲಿ ಗಡಿಯಾರ ಕಾಣುತ್ತದೆ. ಬೇಕೆಂದರೆ ಅದರ ಟಿಕ್ ಟಿಕ್ ಸದ್ದೂ ಕೇಳುತ್ತದೆ. ಕೊಳ್ಳುವವನು ಬಯಸುವ ಗುಣದ ಒಂದಂಶವಾದರೂ ಪರದೆಯ ಮೇಲೆ ಇದ್ದೇ ಇರುತ್ತದೆ. ತಿಂಡಿಯ ಜಾಹೀರಾತಿಗೆ ಮಾತ್ರ ಈ ಭಾಗ್ಯವಿಲ್ಲ. ತಿಂಡಿಯ ಜೀವಾಳವಿರುವುದು ರುಚಿಯಲ್ಲಿ ಮತ್ತು ವಾಸನೆಯಲ್ಲಿ. ನಮ್ಮ ಮನೆಗಳಲ್ಲಿರುವ ಯಾವ ಪರದೆಯೂ, ಯಾವ ಬಾನುಲಿ ಪೆಟ್ಟಿಗೆಯೂ ಇವೆರಡನ್ನು ಹೊತ್ತು ತರಲಾರದು. ಆದುದರಿಂದ ತಿಂಡಿಯ ಜಾಹೀರಾತೆಂದರೆ ನಾಲಗೆಯ ಮಾತನ್ನು ಕಣ್ಣು ಕಿವಿಗಳ ಭಾಷೆಗೆ ತಿರುಗಿಸುವ ಒಂದು ಬಗೆಯ ಅನುವಾದ. ಅನುವಾದವೆಂದ ಕೂಡಲೆ ಮೂಲನಿಷ್ಠೆಯ ಪ್ರಶ್ನೆ ಏಳುತ್ತದೆ. ಎಷ್ಟು ಬಿಡಬಹುದು, ಎಷ್ಟು ಸೇರಿಸಬಹುದು, ಯಾವ ಹಂತದಲ್ಲಿ ಅನುವಾದಕ ಮೂಲವನ್ನು ಕೈಬಿಟ್ಟು ತನ್ನದೇ ಕತೆ ಹೇಳತೊಡಗುತ್ತಾನೆ? ಈ ಪ್ರಶ್ನೆಯನ್ನು ಒಂದು ಚಿಕ್ಕ ನಿದರ್ಶನದ ಮೂಲಕ ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ನಾನು ಪಾಠ ಹೇಳುವ ಕಾಲೇಜಿನ ಪತ್ರಿಕೋದ್ಯಮ ತರಗತಿಯಲ್ಲಿ ವಿದ್ಯಾರ್ಥಿಗಳು ವರ್ಷದ ಕೊನೆಗೆ ಮೂವತ್ತು ಸೆಕೆಂಡುಗಳ ಒಂದು ಜಾಹೀರಾತು ಚಿತ್ರವನ್ನು ತಯಾರಿಸಬೇಕು. ನಾನು ಹಾಕಿದ ನಿಬಂಧನೆ ಒಂದೇ. ಜಾಹೀರಾತಿನ ವಸ್ತು ಕಲ್ಪಿತವಾಗಿರಬಾರದು. ಊರಿನಲ್ಲಿ ಯಾರಾದರೊಬ್ಬರು ನಿಜವಾಗಿ ಮಾಡಿ, ನಿಜವಾಗಿ ಮಾರುತ್ತಿರುವ ಪದಾರ್ಥವಾಗಿರಬೇಕು. ಕಲ್ಪಿತ ವಸ್ತುವಿನ ಬಗೆಗೆ ಏನು ಹೇಳಿದರೂ ನಡೆಯುತ್ತದೆ. ಅಲ್ಲಿ ಸುಳ್ಳಾಡುವುದಕ್ಕೂ ಅವಕಾಶವಿಲ್ಲ, ನಿಜ ಹೇಳುವುದಕ್ಕೂ ಅವಕಾಶವಿಲ್ಲ. ಐದು ಮಂದಿಯ ಒಂದು ತಂಡ ಕೋಡುಬಳೆಯನ್ನು ಆರಿಸಿಕೊಂಡಿತು. ಕಾಲೇಜಿನಿಂದ ಎರಡು ಬೀದಿಯಾಚೆ ಒಬ್ಬ ಮಹಿಳೆ ಇಬ್ಬರು ಸಹಾಯಕಿಯರೊಡನೆ ಹಲವು ವರ್ಷಗಳಿಂದ ಕೋಡುಬಳೆ, ಚಕ್ಕುಲಿ, ನಿಪ್ಪಟ್ಟುಗಳನ್ನು ಕರಿದು ಸುತ್ತಣ ಅಂಗಡಿಗಳಿಗೆ ಒದಗಿಸುತ್ತಾರೆ. ಅವರ ಒಪ್ಪಿಗೆ ಪಡೆದು ಕೆಲಸ ಆರಂಭವಾಯಿತು.

ನಮ್ಮ ದೇಶದಲ್ಲಿ ವಿವಿಧಭಾರತಿಯ ಮೂಲಕ ವಾಣಿಜ್ಯ ಜಾಹೀರಾತು ಕೇಳಿಬರತೊಡಗಿದುದು 1967ರಲ್ಲಿ. ದೂರದರ್ಶನದಲ್ಲಿ ಅದು ಕಾಣಿಸಿಕೊಂಡುದು 1976ರಲ್ಲಿ. ಆ ದಿನಗಳಲ್ಲಿ ಒಂದು ಜಾಹೀರಾತು ಚಿತ್ರ ತೆಗೆಯಬೇಕೆಂದರೆ ದೊಡ್ಡ ಕ್ಯಾಮೆರಾ, ದೀಪಗಳು, ಸಂಸ್ಕರಣ ಶಾಲೆ, ಸಂಕಲನದ ಮೇಜು ಇಷ್ಟೆಲ್ಲ ಬೇಕಾಗುತ್ತಿತ್ತು. ಇಂದು ಇವೆಲ್ಲವೂ ವಿದ್ಯಾರ್ಥಿಯ ಜೇಬಿನ ದೂರವಾಣಿಯಲ್ಲಿ ಅಡಗಿವೆ. ಸಲಕರಣೆ ಸುಲಭವಾಯಿತು, ಆದರೆ ಕಸಬಿನ ಮೂಲ ಪ್ರಶ್ನೆಗಳು ಇದ್ದಲ್ಲೇ ಇವೆ. ಹಿಂದೆ ನಾಲ್ಕಾರು ಸಂಸ್ಥೆಗಳು ಮಾತ್ರ ಎದುರಿಸುತ್ತಿದ್ದ ಆ ಪ್ರಶ್ನೆಗಳನ್ನು ಈಗ ದೂರವಾಣಿ ಹಿಡಿದ ಪ್ರತಿಯೊಬ್ಬರೂ ಎದುರಿಸಬೇಕಾಗಿದೆ ಎಂಬುದಷ್ಟೇ ವ್ಯತ್ಯಾಸ.

ಮೊದಲನೆಯದು ಕಾಲದ ಪ್ರಶ್ನೆ. ನಮ್ಮ ದೂರದರ್ಶನದ ಪದ್ಧತಿಯಲ್ಲಿ ಸೆಕೆಂಡಿಗೆ 25 ಸ್ಥಿರಚಿತ್ರಗಳು ಕಣ್ಣಮುಂದೆ ಸಾಗುತ್ತವೆ. ಎಂದರೆ ಮೂವತ್ತು ಸೆಕೆಂಡುಗಳಿಗೆ 750 ಚಿತ್ರಗಳು. ಒಂದೊಂದು ನೋಟಕ್ಕೆ ಎರಡು ಸೆಕೆಂಡು ಕೊಟ್ಟರೆ ಹದಿನೈದು ನೋಟಗಳು ಹಿಡಿಸುತ್ತವೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಕನ್ನಡದ ಐವತ್ತು ಪದಗಳಿಗಿಂತ ಹೆಚ್ಚನ್ನು ಅಲ್ಲಿ ತುರುಕಲಾಗದು. ವಿದ್ಯಾರ್ಥಿಗಳು ಬರೆದು ತಂದ ಮೊದಲ ಪ್ರತಿಯಲ್ಲಿ ಅಜ್ಜಿಯಿದ್ದಳು, ಹಬ್ಬವಿತ್ತು, ರೈಲು ಪ್ರಯಾಣವಿತ್ತು, ಮಳೆಯಿತ್ತು, ಪರದೇಶದಲ್ಲಿರುವ ಮೊಮ್ಮಗನಿದ್ದ. ಗಟ್ಟಿಯಾಗಿ ಓದಿಸಿದಾಗ ನಾಲ್ಕು ನಿಮಿಷವಾಯಿತು. ತ್ರಿಪದಿಯ ಮೂರು ಸಾಲುಗಳಲ್ಲಿ ಒಂದು ಲೋಕಾನುಭವವನ್ನು ಹಿಡಿದಿಟ್ಟ ಸರ್ವಜ್ಞನ ನಾಡಿನವರಿಗೆ ಮಿತವ್ಯಯದ ಪಾಠ ಹೊಸದಾಗಬಾರದು. ಒಂದೊಂದನ್ನೇ ಬಿಡುತ್ತ ಹೋಗಿ ಉಳಿದುದು ಇಷ್ಟು: ಕೋಡುಬಳೆ ಆಗುವುದು ಹೇಗೆ, ಮುರಿಯುವುದು ಹೇಗೆ, ಸಿಗುವುದು ಎಲ್ಲಿ.

ಕೋಡುಬಳೆ ಆಗುವ ಬಗೆಯನ್ನು ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ. ಆದರೂ ಚಿತ್ರ ತೆಗೆಯುವವನು ಅದನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಅಕ್ಕಿಹಿಟ್ಟು, ಹುರಿಗಡಲೆಯ ಪುಡಿ, ಕಾಯಿತುರಿಯೊಡನೆ ರುಬ್ಬಿದ ಒಣಮೆಣಸಿನಕಾಯಿ, ಇಂಗು, ಉಪ್ಪು ಇವುಗಳ ಮೇಲೆ ಬಿಸಿ ಎಣ್ಣೆ ಸುರಿದು ಕಲಸಿದ ಹಿಟ್ಟನ್ನು ಅಂಗೈಯಡಿ ಹೊಸೆದು, ಬತ್ತಿಯಾಗಿಸಿ, ತುದಿಗೆ ತುದಿ ಸೇರಿಸಿ ಬಳೆ ಮಾಡುತ್ತಾರೆ. ಎಣ್ಣೆಗೆ ಬಿದ್ದ ಕೂಡಲೆ ಬಳೆಯ ಸುತ್ತ ಗುಳ್ಳೆಗಳು ಮುತ್ತುತ್ತವೆ. ಅವು ಹಿಟ್ಟಿನಲ್ಲಿದ್ದ ನೀರು ಆವಿಯಾಗಿ ಹೊರಡುವ ದಾರಿ. ಗುಳ್ಳೆಗಳು ಕಡಿಮೆಯಾಗಿ ಎಣ್ಣೆಯ ಮೊರೆತ ಇಳಿದಾಗ ನೀರು ತೀರಿತೆಂದೂ ಒಳಗೆ ಅಸಂಖ್ಯ ಸಣ್ಣ ಪೊಳ್ಳುಗಳು ಉಳಿದವೆಂದೂ ತಿಳಿಯಬೇಕು. ಗರಿಗರಿ ಎಂಬ ಗುಣ ಹುಟ್ಟುವುದು ಈ ಪೊಳ್ಳುಗಳ ತೆಳುಗೋಡೆಗಳಿಂದ. ಹೊರಗಿನ ಹೊಂಬಣ್ಣಕ್ಕೆ ಕಾರಣ ಬೇರೆ. ಹಿಟ್ಟಿನ ಸಸಾರಜನಕಕ್ಕೆ ಸೇರಿದ ಅಮೈನೋ ಆಮ್ಲಗಳೂ ಸಕ್ಕರೆಗಳೂ ಶಾಖದಲ್ಲಿ ಕೂಡಿದಾಗ ಬಣ್ಣವೂ ಪರಿಮಳವೂ ಹುಟ್ಟುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿ ಮೈಯಾರ್ ಅವರ ಹೆಸರೇ ಅದಕ್ಕೆ ನಿಂತಿದೆ. ಬಣ್ಣವೂ ಪರಿಮಳವೂ ಒಂದೇ ಗರ್ಭದಲ್ಲಿ ಹುಟ್ಟಿದ ಅವಳಿಗಳಾದುದರಿಂದಲೇ, ಹೊಂಬಣ್ಣವನ್ನು ಕಂಡ ಕಣ್ಣು ಮೂಗಿಗೆ ಸುದ್ದಿ ಮುಟ್ಟಿಸುತ್ತದೆ. ತಿಂಡಿಯ ಜಾಹೀರಾತಿನ ಮೊದಲ ಆಧಾರ ಇದು.

ಹೀಗೆಂದು ತಿಳಿದ ಮೇಲೆ ಬೆಳಕಿನ ಪಾಠ ಸುಲಭವಾಯಿತು. ಮುಂದಿನಿಂದ ನೇರ ಬೆಳಕು ಬಿಟ್ಟರೆ ಕೋಡುಬಳೆ ಗೋಡೆಗಂಟಿಸಿದ ಚಿತ್ರದಂತೆ ಚಪ್ಪಟೆಯಾಗಿ ಕಾಣುತ್ತದೆ. ಹಿಂದಿನಿಂದಲೋ ಪಕ್ಕದಿಂದಲೋ ಬೆಳಕು ಬಿದ್ದಾಗ ಮೇಲ್ಮೈಯ ಒರಟು, ಎಣ್ಣೆಯ ಹೊಳಪು, ಬಾಣಲೆಯ ಆವಿ ಎಲ್ಲವೂ ಎದ್ದು ಬರುತ್ತವೆ. ಆ ಮನೆಯ ಅಡುಗೆಕೋಣೆಯ ಪೂರ್ವದ ಕಿಟಕಿ ಬೆಳಗಿನ ಒಂದು ಗಂಟೆಯ ಕಾಲ ಈ ಬೆಳಕನ್ನು ಬಿಟ್ಟಿಯಾಗಿ ಕೊಡುತ್ತಿತ್ತು. ಬಾಡಿಗೆಗೆ ತರಲಿದ್ದ ದೀಪಗಳನ್ನು ವಿದ್ಯಾರ್ಥಿಗಳು ತರಲೇ ಇಲ್ಲ.

ಎರಡನೆಯ ಆಧಾರ ಜೋಡಣೆ. ರಷ್ಯದ ಚಿತ್ರನಿರ್ದೇಶಕ ಲೆವ್ ಕುಲೆಷೊವ್ 1920ರ ಆಸುಪಾಸಿನಲ್ಲಿ ನಡೆಸಿದ ಪ್ರಯೋಗವೊಂದನ್ನು ಚಲಚ್ಚಿತ್ರ ಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದುತ್ತಾನೆ. ಭಾವವಿಲ್ಲದ ಒಬ್ಬ ನಟನ ಮುಖದ ಒಂದೇ ನೋಟವನ್ನು ಅವರು ಒಮ್ಮೆ ಸೂಪಿನ ಬಟ್ಟಲಿನ ನೋಟಕ್ಕೂ ಇನ್ನೊಮ್ಮೆ ಶವಪೆಟ್ಟಿಗೆಯ ನೋಟಕ್ಕೂ ಜೋಡಿಸಿದರು. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರಂತೆ. ಅರ್ಥ ಹುಟ್ಟುವುದು ಎರಡು ಚಿತ್ರಗಳ ನಡುವಣ ತೆರಪಿನಲ್ಲಿ, ನೋಡುವವನ ಮನಸ್ಸಿನಲ್ಲಿ ಎಂಬುದು ಇದರ ತಾತ್ಪರ್ಯ. ಎರಡು ಪದಗಳ ನಡುವೆ ಧ್ವನಿಯನ್ನು ಹುಡುಕಿದ ಆನಂದವರ್ಧನನ ಪರಂಪರೆಯವರಿಗೆ ಇದು ಅಪರಿಚಿತ ತತ್ತ್ವವೇನೂ ಅಲ್ಲ. ಆ ಪ್ರಯೋಗಕ್ಕೆ ಒದಗಿದ ವಸ್ತುಗಳಲ್ಲಿ ಒಂದು ತಿನಿಸು ಎಂಬುದನ್ನು ಮಾತ್ರ ಗಮನಿಸಿ. ಹಸಿವನ್ನು ಅಭಿನಯಿಸಬೇಕಾಗಿಲ್ಲ, ತಿಂಡಿಯ ಪಕ್ಕದಲ್ಲಿ ಒಂದು ಮುಖವನ್ನಿಟ್ಟರೆ ಸಾಕು, ಉಳಿದುದನ್ನು ನೋಡುವವನೇ ತುಂಬಿಕೊಳ್ಳುತ್ತಾನೆ. ವಿದ್ಯಾರ್ಥಿಗಳು ಕಣ್ಣರಳಿಸಿ, ತಲೆದೂಗಿ, ಆಹಾ ಎನ್ನುವ ನಟನೊಬ್ಬನ ನೋಟವನ್ನು ಮೊದಲು ತೆಗೆದಿದ್ದರು. ಅದನ್ನು ತೆಗೆದುಹಾಕಿ, ಪುಸ್ತಕ ಓದುತ್ತ ಕೈಯನ್ನು ಮಾತ್ರ ಡಬ್ಬಿಗೆ ಇಳಿಬಿಡುವ ಹುಡುಗನ ಸುಮ್ಮನಿರುವ ಮುಖವನ್ನು ಇಟ್ಟರು. ಹಸಿವು ಹೆಚ್ಚಾಗಿ ಕಂಡಿತು.

ತೊಡಕು ಎದ್ದುದು ಮೂರನೆಯ ಆಧಾರದಲ್ಲಿ, ಎಂದರೆ ಸದ್ದಿನಲ್ಲಿ. ಕನ್ನಡ ಭಾಷೆ ಈ ವಿಷಯದಲ್ಲಿ ಬಲು ಜಾಣ ಭಾಷೆ. ನಾಲಗೆ ಹಲ್ಲುಗಳ ಅನುಭವವನ್ನು ಅದು ಕಿವಿಯ ಪದಗಳಿಂದ ಹೇಳುತ್ತದೆ. ಗರಿಗರಿ, ಕುರುಕುರು, ಕರಕರ ಮುಂತಾದ ಅನುಕರಣ ಪದಗಳನ್ನು ನೆನೆಯಿರಿ. ಒಂದು ಚಕ್ಕುಲಿ ಹೇಗಿತ್ತೆಂದು ಕೇಳಿದರೆ ನಾವು ಸದ್ದು ಮಾಡಿ ಉತ್ತರ ಕೊಡುತ್ತೇವೆ. ಹೀಗಾಗಿ ಕೋಡುಬಳೆ ಮುರಿಯುವ ಸದ್ದೇ ತಮ್ಮ ಚಿತ್ರದ ನಡುಗಂಬವಾಗಬೇಕೆಂದು ತಂಡ ತೀರ್ಮಾನಿಸಿದುದು ಸಹಜವಾಗಿತ್ತು. ಮಾತಿಲ್ಲ, ಸಂಗೀತವಿಲ್ಲ, ಎರಡು ಕೈ, ಒಂದು ಕೋಡುಬಳೆ, ಒಂದು ಸದ್ದು.

ಆದರೆ ಅದು ಮಳೆಗಾಲ. ಗಾಳಿಯ ತೇವವನ್ನು ಹೀರಿದ ಹಿಟ್ಟಿನ ತೆಳುಗೋಡೆಗಳು ಚಟ್ಟನೆ ಒಡೆಯುವ ಬದಲು ಬಾಗಿ ಹರಿಯುತ್ತವೆ. ತಂಡದವರು ಹಿಂದಿನ ದಿನದ ಕೋಡುಬಳೆಗಳನ್ನು ಕಾಲೇಜಿನ ಖಾಲಿ ಕೋಣೆಗೆ ತಂದು ಮುರಿದರು. ಕೇಳಿಬಂದುದು ಒಂದು ಮಂದವಾದ ಸದ್ದು, ಅದರ ಹಿಂದೆಯೇ ಕೋಣೆಯ ಮಾರ್ದನಿ. ತಂಡದಲ್ಲಿ ಚುರುಕಾದ ಹುಡುಗನೊಬ್ಬ ಒಣಗಿದ ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಾಗಿ ಹಿಡಿದು ಮುರಿದು, ಆ ಸದ್ದನ್ನು ಚಿತ್ರಕ್ಕೆ ಹೊಂದಿಸಿ ತಂದ. ಬಹಳ ಚೆನ್ನಾಗಿತ್ತು. ಕೇಳಿದವರೆಲ್ಲ ಬಾಯಿ ಚಪ್ಪರಿಸಿದರು.

ಇಂಥ ಕೆಲಸಕ್ಕೆ ಚಲಚ್ಚಿತ್ರ ಲೋಕದಲ್ಲಿ ಗೌರವದ ಸ್ಥಾನವೇ ಇದೆ. ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆಯಲ್ಲಿ ದುಡಿದ ಜ್ಯಾಕ್ ಫೋಲಿ ಅವರ ಹೆಸರಿನಿಂದಲೇ ಈ ವಿದ್ಯೆಯನ್ನು ಕರೆಯುತ್ತಾರೆ. ನಮ್ಮ ಬಾನುಲಿ ನಾಟಕಗಳಲ್ಲಿ ತೆಂಗಿನ ಚಿಪ್ಪು ಕುದುರೆಯ ಗೊರಸಾಗುವುದನ್ನೂ ತಗಡಿನ ಹಾಳೆ ಗುಡುಗಾಗುವುದನ್ನೂ ಕೇಳುಗರು ಬಲ್ಲರು. ಯಾರೂ ಅದನ್ನು ವಂಚನೆ ಎನ್ನುವುದಿಲ್ಲ. ಹಾಗಿದ್ದ ಮೇಲೆ ತೆಂಗಿನ ಕಡ್ಡಿ ಕೋಡುಬಳೆಯಾದರೆ ತಪ್ಪೇನು ಎಂಬುದು ಆ ಹುಡುಗನ ವಾದ. ತಂಡದ ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. ಕುದುರೆಯನ್ನು ನಾಟಕದವರು ಮಾರುತ್ತಿಲ್ಲವಲ್ಲ ಎಂದಳು. ಎರಡು ದಿನ ಕೆಲಸ ನಿಂತಿತು. ಪಕ್ಷ ಪ್ರತಿಪಕ್ಷಗಳು ಇಷ್ಟು ಸ್ಪಷ್ಟವಾಗಿ ನಿಂತುದನ್ನು ಕಂಡು, ಈ ವಿಷಯದಲ್ಲಿ ಬಲ್ಲವರು ಏನು ಹೇಳಿದ್ದಾರೆಂಬುದನ್ನು ನಾನು ಅವರ ಮುಂದಿಟ್ಟೆ.

ಮೊದಲು ವಿಜ್ಞಾನದ ಸಾಕ್ಷ್ಯ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾಸಿಮಿಲಿಯಾನೊ ಝಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಇಬ್ಬರು ಸಂಶೋಧಕರು ಆಲೂಗಡ್ಡೆ ಚಿಪ್ಸನ್ನು ಜನರಿಗೆ ಕಚ್ಚಲು ಕೊಟ್ಟು, ಅವರು ಕಚ್ಚುವ ಸದ್ದನ್ನು ಧ್ವನಿಗ್ರಾಹಕದಿಂದ ಹಿಡಿದು, ಅದೇ ಗಳಿಗೆಯಲ್ಲಿ ಕಿವಿಗೆ ತೊಡಿಸಿದ ಸಾಧನದ ಮೂಲಕ ಅವರಿಗೇ ಕೇಳಿಸಿದರು. ಕೆಲವೊಮ್ಮೆ ಸದ್ದನ್ನು ಹಿಗ್ಗಿಸಿದರು, ಕೆಲವೊಮ್ಮೆ ಕುಗ್ಗಿಸಿದರು. ಒಟ್ಟು ಸದ್ದನ್ನು ಏರಿಸಿದಾಗ, ಅಥವಾ ಅದರ ಎತ್ತರದ ಸ್ವರಾಂಶಗಳನ್ನು ಮಾತ್ರ ಏರಿಸಿದಾಗ, ತಿಂದವರು ಚಿಪ್ಸು ಹೆಚ್ಚು ಗರಿಗರಿಯಾಗಿದೆ, ಹೆಚ್ಚು ತಾಜಾ ಆಗಿದೆ ಎಂದು ಹೇಳಿದರು. 2004ರಲ್ಲಿ ಪ್ರಕಟವಾದ ಈ ಸಂಶೋಧನೆಗೆ 2008ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಬಂದಿತು. ವಿನೋದದ್ದೇ ಆದರೂ ಅದರ ಪಾಠ ಗಂಭೀರವಾದುದು. ಬಾಯೊಳಗೆ ವಸ್ತು ಇರುವಾಗಲೇ ಕಿವಿ ನಾಲಗೆಯ ತೀರ್ಪನ್ನು ಬದಲಿಸಬಲ್ಲುದು. ಬಾಯಲ್ಲಿ ಏನೂ ಇಲ್ಲದ ಪ್ರೇಕ್ಷಕನ ಪಾಡೇನು? ಅವನಿಗೆ ಕಿವಿಯೇ ನಾಲಗೆ.

ಇನ್ನು ನ್ಯಾಯಾಲಯದ ಸಾಕ್ಷ್ಯ. ಅಮೆರಿಕದಲ್ಲಿ ಕೋಲ್ಗೇಟ್ ಪಾಮೋಲಿವ್ ಸಂಸ್ಥೆ ಕ್ಷೌರದ ನೊರೆಯೊಂದರ ಜಾಹೀರಾತಿನಲ್ಲಿ ಮರಳುಕಾಗದಕ್ಕೆ ನೊರೆ ಬಳಿದು ಒಂದೇ ಎಳೆತಕ್ಕೆ ಬೋಳಿಸಿ ತೋರಿಸಿತು. ತೋರಿಸಿದುದು ಮರಳುಕಾಗದವೇ ಆಗಿರಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಲಗೆಯ ಮೇಲೆ ಉದುರಿಸಿದ ಮರಳಾಗಿತ್ತು. ಅಲ್ಲಿಯ ಸುಪ್ರೀಂ ಕೋರ್ಟು 1965ರಲ್ಲಿ ಇದು ಮೋಸವೆಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ನಮ್ಮ ಪ್ರಕರಣಕ್ಕೆ ಒಪ್ಪುವ ಒಂದು ಸೂಕ್ಷ್ಮ ವಿವೇಚನೆಯಿದೆ. ಚಿತ್ರೀಕರಣದ ದೀಪಗಳ ಬಿಸಿಗೆ ಐಸ್‌ಕ್ರೀಮು ಕರಗುವುದರಿಂದ ಅದರ ಬದಲು ಬೇಯಿಸಿ ಹಿಸುಕಿದ ಆಲೂಗಡ್ಡೆಯನ್ನು ಬಟ್ಟಲಲ್ಲಿಡುವ ರೂಢಿಯಿತ್ತಷ್ಟೆ. ಅದೂ ಮೋಸವೇ ಎಂಬ ಪ್ರಶ್ನೆ ಬಂದಾಗ ನ್ಯಾಯಾಲಯ ಒಂದು ಗೆರೆಯನ್ನು ಎಳೆಯಿತು. ಯಾರೋ ಐಸ್‌ಕ್ರೀಮು ತಿನ್ನುವ ದೃಶ್ಯದಲ್ಲಿ ಆಲೂಗಡ್ಡೆ ಬರಿಯ ರಂಗಸಜ್ಜಿಕೆ; ಅದರಿಂದ ಬಾಧಕವಿಲ್ಲ. ಆದರೆ ಆ ಆಲೂಗಡ್ಡೆಯ ನಯವನ್ನೂ ಬಣ್ಣವನ್ನೂ ತೋರಿಸಿ, ನಮ್ಮ ಐಸ್‌ಕ್ರೀಮು ಎಷ್ಟು ಚೆನ್ನಾಗಿದೆ ನೋಡಿರೆಂದು ಪ್ರೇಕ್ಷಕನಿಗೆ ಪ್ರಮಾಣವಾಗಿ ಒಡ್ಡಿದರೆ, ಅದು ಮೋಸ.

ಇದೇ ನ್ಯಾಯದ ಇನ್ನೊಂದು ಉದಾಹರಣೆ 1970ರದು. ಕ್ಯಾಂಪ್‌ಬೆಲ್ ಸಂಸ್ಥೆಯ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿದ್ದರು. ಮುಳುಗಬೇಕಾದ ತರಕಾರಿಯ ತುಂಡುಗಳು ಗೋಲಿಗಳ ಮೇಲೆ ಕುಳಿತು ಸೂಪು ತುಂಬಿ ತುಳುಕುವಂತೆ ಕಂಡಿತು. ಅಮೆರಿಕದ ವಾಣಿಜ್ಯ ಆಯೋಗ ಆಕ್ಷೇಪಿಸಿದ ಮೇಲೆ ಸಂಸ್ಥೆ ಅಂಥ ರೀತಿಯನ್ನು ಕೈಬಿಡಲು ಒಪ್ಪಿತು. ಬಟ್ಟಲಲ್ಲಿದ್ದ ಸೂಪು ಅವರದೇ, ತರಕಾರಿಯೂ ಅವರದೇ. ಕಂಡ ಪ್ರತಿಯೊಂದು ವಸ್ತುವೂ ನಿಜವಾಗಿದ್ದು ಒಟ್ಟು ಚಿತ್ರ ಸುಳ್ಳಾಗಬಹುದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ನನಗೆ ಗೊತ್ತಿಲ್ಲ.

ಈ ಗೆರೆಯನ್ನು ಹಿಡಿದು ನೋಡಿದರೆ ನಮ್ಮ ತೆಂಗಿನ ಕಡ್ಡಿಯ ವಿಚಾರ ತಾನಾಗಿ ಬಗೆಹರಿಯುತ್ತದೆ. ಹುಡುಗ ಪುಸ್ತಕದ ಪುಟ ತಿರುವುವ ಸದ್ದನ್ನು ಬೇರೆ ಯಾವ ಕಾಗದದಿಂದ ಪಡೆದರೂ ಕೋಡುಬಳೆ ಕೊಳ್ಳುವವನಿಗೆ ನಷ್ಟವಿಲ್ಲ, ಅದು ರಂಗಸಜ್ಜಿಕೆ. ಕೋಡುಬಳೆ ಮುರಿಯುವ ಸದ್ದಾದರೋ ಈ ಚಿತ್ರದ ಏಕೈಕ ಪ್ರಮಾಣ. ಕೇಳಿ, ಇದು ಇಷ್ಟು ಗರಿಯಾಗಿದೆ ಎಂದು ಹೇಳುವುದಕ್ಕೆಂದೇ ಅದನ್ನು ಇಟ್ಟಿರುವುದು. ಅಲ್ಲಿ ಕಡ್ಡಿ ಮುರಿಯುವುದೆಂದರೆ ಸುಳ್ಳು ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿದಂತೆ. ವಾದಿಸಿದ ಹುಡುಗನೇ ಈ ಮಾತನ್ನು ಮೊದಲು ಒಪ್ಪಿದ. ಅನುವಾದಕನು ಮೂಲದಲ್ಲಿಲ್ಲದ ಅಲಂಕಾರವನ್ನು ಅಂಚಿನಲ್ಲಿ ಸೇರಿಸಬಹುದೇನೋ. ಕಾವ್ಯದ ಪ್ರಾಣಸ್ಥಾನದಲ್ಲಿ ಬೇರೆ ಕವಿಯ ಸಾಲನ್ನು ತಂದಿಟ್ಟು ಇದೇ ಮೂಲವೆನ್ನಲಾಗದು.

ಹಾಗಾದರೆ ನಿಜವಾದ ಸದ್ದನ್ನು ಪಡೆಯುವುದು ಹೇಗೆ? ಇಲ್ಲಿ ಒಂದು ವಿಚಿತ್ರವಿದೆ. ತಿನ್ನುವವನು ತನ್ನ ಬಾಯ ಸದ್ದನ್ನು ಗಾಳಿಯ ಮೂಲಕ ಮಾತ್ರ ಕೇಳುವುದಿಲ್ಲ; ದವಡೆಯ ಮತ್ತು ತಲೆಬುರುಡೆಯ ಎಲುಬುಗಳ ಮೂಲಕವೂ ಕೇಳುತ್ತಾನೆ. ಪಕ್ಕದಲ್ಲಿ ಕುಳಿತವನಿಗೆ ಸಣ್ಣದಾಗಿ ಕೇಳುವ ಸದ್ದು ತಿನ್ನುವವನಿಗೆ ತುಂಬಿ ಮೊಳಗುತ್ತದೆ. ಆದುದರಿಂದ ದೂರದಲ್ಲಿಟ್ಟ ಯಂತ್ರ ಹಿಡಿದ ಸದ್ದೂ ತಿನ್ನುವವನ ಅನುಭವಕ್ಕೆ ಪೂರ್ಣ ನಿಷ್ಠವಲ್ಲ. ಯಂತ್ರವನ್ನು ಹತ್ತಿರಕ್ಕೆ ಒಯ್ದು ಆ ಸದ್ದಿಗೆ ಅದರ ತೂಕವನ್ನು ಮರಳಿಸುವುದು ನ್ಯಾಯವೇ ಸರಿ. ವಿದ್ಯಾರ್ಥಿಗಳು ಮುಂಜಾನೆ ಅವರ ಮನೆಗೇ ಹೋದರು. ಬಾಣಲೆಯಿಂದ ತೆಗೆದು ಚೆನ್ನಾಗಿ ಆರಿದ, ತೇವ ಇನ್ನೂ ಮುಟ್ಟದ ಕೋಡುಬಳೆಗಳನ್ನು ಆರಿಸಿಕೊಂಡರು. ಮಾರ್ದನಿ ಏಳದಂತೆ ಗೋಡೆಗಳಿಗೆ ಕಂಬಳಿ, ಕೌದಿಗಳನ್ನು ಇಳಿಬಿಟ್ಟ ಚಿಕ್ಕ ಕೋಣೆಯಲ್ಲಿ, ಯಂತ್ರವನ್ನು ಒಂದು ಗೇಣಿನ ಅಂತರದಲ್ಲಿಟ್ಟು ಮುರಿದರು. ಸುಮಾರು ನಲವತ್ತು ಕೋಡುಬಳೆಗಳು ವಿದ್ಯೆಗೆ ಅರ್ಪಿತವಾದವು. ಅವುಗಳ ಬೆಲೆಯನ್ನು ತಂಡ ಕೊಟ್ಟಿತು, ಚೂರುಗಳನ್ನು ತಂಡವೇ ತಿಂದಿತು.

ಹೀಗೆ ಸಿಕ್ಕ ಸದ್ದು ತೆಂಗಿನ ಕಡ್ಡಿಯ ಸದ್ದಿನಷ್ಟು ಜೋರಾಗಿರಲಿಲ್ಲ. ಆದರೆ ಅದರಲ್ಲಿ ಎರಡು ಹಂತಗಳಿದ್ದವು. ಮೊದಲು ಒಂದು ಗಟ್ಟಿಯಾದ ಮುರಿತ, ಅದರ ಬೆನ್ನಿಗೆ ಪುಡಿ ಉದುರಿದಂಥ ಒಂದು ಸಣ್ಣ ಸರಸರ. ಕಡ್ಡಿಯಲ್ಲಿ ಈ ಎರಡನೆಯದು ಇರಲೇ ಇಲ್ಲ. ಕಡ್ಡಿಯ ಸದ್ದು ಯಾವ ಗರಿಗರಿ ತಿಂಡಿಗಾದರೂ ಹೊಂದುತ್ತಿತ್ತು. ಈ ಸದ್ದು ಕೋಡುಬಳೆಗೆ ಮಾತ್ರ ಹೊಂದುವಂಥದು. ಅದನ್ನು ಕೇಳಿಸಿದಾಗ ಆ ಮಹಿಳೆ ಕಣ್ಣು ಮುಚ್ಚಿ ಕೇಳಿ, ಇದು ನಮ್ಮದೇ, ಆದರೆ ಇದು ಎರಡನೆಯ ಒಬ್ಬೆಯದು, ಮೊದಲ ಒಬ್ಬೆಯದು ಇನ್ನೂ ಸ್ವಲ್ಪ ಮೆತ್ತಗೆ ಮುರಿಯುತ್ತದೆ ಎಂದರು. ವಿಚಾರಿಸಿದಾಗ ಅದು ಎರಡನೆಯ ಒಬ್ಬೆಯದೇ ಆಗಿತ್ತು. ಸದ್ದನ್ನು ಎಷ್ಟು ಏರಿಸಬಹುದೆಂಬ ಪ್ರಶ್ನೆಗೂ ತಂಡ ಇದರಲ್ಲೇ ಉತ್ತರ ಕಂಡುಕೊಂಡಿತು. ಮಾಡಿದವರು ಕಣ್ಣು ಮುಚ್ಚಿ ತಮ್ಮದೆಂದು ಗುರುತಿಸುವವರೆಗೆ ಏರಿಸಬಹುದು. ಅವರಿಗೇ ಗುರುತು ಸಿಗದಂತಾದರೆ ಇಳಿಸಬೇಕು.

ಸದ್ದಿನ ಬಳಿಕ ಮಾತಿನ ಸರದಿ. ಚಿತ್ರದ ಕೊನೆಗೆ ಅಮ್ಮನ ಕೈರುಚಿ ಎಂಬ ಎರಡು ಪದಗಳನ್ನು ತಂಡ ಬರೆದಿತ್ತು. ತಿಂಡಿಯ ಜಾಹೀರಾತುಗಳಲ್ಲಿ ಈ ಮಾತು ಎಷ್ಟು ಸವೆದಿದೆಯೆಂದರೆ ಅದನ್ನು ಯಾರೂ ಪರೀಕ್ಷಿಸಿ ನೋಡುವುದೇ ಇಲ್ಲ. ಆ ಮಹಿಳೆ ಪರೀಕ್ಷಿಸಿದರು. ನಾನು ನನ್ನ ಮಕ್ಕಳಿಗೆ ಅಮ್ಮ, ಕೊಳ್ಳುವವರಿಗೆ ಅಲ್ಲ. ಈ ಇಬ್ಬರಿಗೆ ವಾರಕ್ಕೊಮ್ಮೆ ಸಂಬಳ ಕೊಡುತ್ತೇನೆ, ಎಣ್ಣೆಗೆ ದುಡ್ಡು ಕೊಡುತ್ತೇನೆ, ಇದು ನನ್ನ ಕಸುಬು ಎಂದರು. ಅಮ್ಮನ ಕೈರುಚಿ ಎಂದರೆ ಜನ ಬೆಲೆಗೆ ಚೌಕಾಸಿ ಮಾಡುತ್ತಾರೆ ಎಂದೂ ಸೇರಿಸಿದರು. ವಾತ್ಸಲ್ಯದ ಹೆಸರಿನಲ್ಲಿ ದುಡಿಮೆಯನ್ನು ಮರೆಮಾಡುವ ಒಂದು ಇಡೀ ಪರಿಭಾಷೆಯನ್ನು ಅವರು ನಾಲ್ಕು ಮಾತಿನಲ್ಲಿ ಬಿಚ್ಚಿಟ್ಟಿದ್ದರು. ವಿದ್ಯಾರ್ಥಿಗಳು ಬರೆದುಕೊಂಡರು.

ಬದಲಿಗೆ ಬಳಸಬಹುದಾದ ಪದಗಳಾದರೂ ಯಾವುವು? ಶುದ್ಧ, ತಾಜಾ, ನೈಸರ್ಗಿಕ, ಸಾಂಪ್ರದಾಯಿಕ, ಅಸಲಿ ಎಂಬ ಪದಗಳು ಎಲ್ಲರ ನಾಲಗೆಯ ತುದಿಯಲ್ಲೇ ಇವೆ. ಆದರೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೊರಡಿಸಿದ ಜಾಹೀರಾತು ನಿಯಮಗಳಲ್ಲಿ ಇಂಥ ಒಂದೊಂದು ಪದಕ್ಕೂ ಒಂದೊಂದು ಷರತ್ತು ವಿಧಿಸಿದೆ. ಪದಗಳಿಗೆ ತೂಕವಿದೆಯೆಂದು ಕವಿಗಳು ಹೇಳಿದಾಗ ನಗುವವರೂ ಸರ್ಕಾರ ಹೇಳಿದಾಗ ನಂಬಬೇಕಾಗುತ್ತದೆ. 2006ರ ಆಹಾರ ಸುರಕ್ಷತಾ ಕಾಯಿದೆಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ದಾರಿತಪ್ಪಿಸುವ ಜಾಹೀರಾತಿಗೆ ದಂಡ ವಿಧಿಸುತ್ತವೆ. ಜಾಹೀರಾತು ಉದ್ಯಮದವರೇ 1985ರಲ್ಲಿ ಸ್ಥಾಪಿಸಿಕೊಂಡ ಮಂಡಳಿಯೊಂದೂ ಈ ಕಾವಲನ್ನು ಕಾಯುತ್ತಿದೆ. ವಿಶೇಷಣಗಳನ್ನು ಒಂದೊಂದಾಗಿ ಹೊಡೆದುಹಾಕಿದ ಮೇಲೆ ತಂಡದ ಕೈಯಲ್ಲಿ ನಾಮಪದಗಳೂ ಕ್ರಿಯಾಪದಗಳೂ ಮಾತ್ರ ಉಳಿದವು. ಬರೆವಣಿಗೆಯ ಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಬೇರೆಡೆ ಕಂಡಿಲ್ಲ.

ಕೊನೆಯ ತೊಡಕು ಪ್ರಮಾಣದ್ದು. ಚಿತ್ರದ ಆರಂಭಕ್ಕೆ ಕೋಡುಬಳೆಗಳ ಒಂದು ದೊಡ್ಡ ರಾಶಿಯ ನೋಟವಿತ್ತು. ಮೂರು ದಿನಗಳ ತಯಾರಿಕೆಯನ್ನು ಒಟ್ಟುಗೂಡಿಸಿ ಮಾಡಿದ ರಾಶಿ ಅದು. ಮೂವರು ಹೆಂಗಸರು ಕೈಯಿಂದಲೇ ಹೊಸೆದು ಕರಿಯುವ ಕಸುಬಿಗೆ ಒಂದು ಎಲ್ಲೆಯಿದೆ. ಅದನ್ನು ಮೀರಿ ಬೇಡಿಕೆ ಬಂದರೆ ಅವರು ಒಂದೋ ಇಲ್ಲವೆನ್ನಬೇಕು, ಇಲ್ಲವೆ ಉರಿಯನ್ನು ಹೆಚ್ಚಿಸಿ ಬೇಗ ಬೇಗ ಕರಿಯಬೇಕು. ಹಾಗೆ ಕರಿದರೆ ಹೊರಗೆ ಬಣ್ಣ ಬರುತ್ತದೆ, ಒಳಗೆ ನೀರು ಉಳಿಯುತ್ತದೆ. ಎರಡನೆಯ ದಿನಕ್ಕೆ ಕೋಡುಬಳೆ ಮೆತ್ತಗಾಗುತ್ತದೆ. ದೊಡ್ಡ ಸಂಸ್ಥೆಗೆ ಕೆಟ್ಟ ಹೆಸರು ಬಂದರೆ ಹೊಸ ಹೆಸರು ಕೊಳ್ಳುವ ಶಕ್ತಿಯಿರುತ್ತದೆ. ಬೀದಿಯ ಹೆಂಗಸಿಗೆ ಇರುವುದು ಒಂದೇ ಹೆಸರು. ಮಕ್ಕಳ ಪರೀಕ್ಷೆಯ ಅಂಕಗಳಿಗಾಗಿ ತೆಗೆದ ಮೂವತ್ತು ಸೆಕೆಂಡುಗಳ ಚಿತ್ರ ಆ ಹೆಸರನ್ನು ಕಟ್ಟಲೂ ಬಹುದು, ಕೆಡಿಸಲೂ ಬಹುದು. ಇದನ್ನು ಮನಗಂಡ ಮೇಲೆ ತಂಡ ರಾಶಿಯ ನೋಟವನ್ನು ಬಿಟ್ಟುಕೊಟ್ಟಿತು. ಅದರ ಜಾಗದಲ್ಲಿ ಒಂದು ಜೊತೆ ಕೈಗಳು ಒಂದೇ ಒಂದು ಬತ್ತಿಯನ್ನು ಹೊಸೆದು ಬಳೆಯಾಗಿಸುವ ನೋಟ ಬಂದಿತು. ಅದಕ್ಕೆ ನಾಲ್ಕು ಸೆಕೆಂಡು ಹಿಡಿಯಿತು. ಜಾಹೀರಾತಿನ ಲೆಕ್ಕದಲ್ಲಿ ಅದು ದೊಡ್ಡ ದುಂದು. ಆದರೆ ನಿಜವಾಗಿಯೂ ಅಷ್ಟು ಹೊತ್ತು ಹಿಡಿಯುತ್ತದೆ. ಕೊನೆಯ ಮಾತು ಹೀಗಾಯಿತು: ಕೈಯಿಂದ ಹೊಸೆದದ್ದು. ಮೊದಲ ಒಬ್ಬೆ ಬೆಳಗ್ಗೆ ಹನ್ನೊಂದಕ್ಕೆ. ಮುಗಿದರೆ ನಾಳೆ.

ಮುಗಿದರೆ ನಾಳೆ ಎಂಬುದನ್ನು ಸೂಚಿಸಿದವರು ಆ ಮಹಿಳೆಯೇ. ಮಾರುವವರು ಕೊಳ್ಳುವವರಿಗೆ ಇಲ್ಲವೆನ್ನುವ ಸಾಧ್ಯತೆಯನ್ನು ಜಾಹೀರಾತಿನಲ್ಲೇ ಹೇಳಬಹುದೆಂದು ಯಾವ ಪಠ್ಯಪುಸ್ತಕವೂ ನಮಗೆ ಕಲಿಸಿರಲಿಲ್ಲ. ತರಗತಿಯಲ್ಲಿ ಚಿತ್ರವನ್ನು ತೋರಿಸಿದಾಗ ಹುಡುಗರು ನಕ್ಕುದೂ ಅಲ್ಲಿಯೇ, ವಿಳಾಸ ಕೇಳಿದುದೂ ಅಲ್ಲಿಯೇ.

ಜಾಹೀರಾತನ್ನು ಕನ್ನಡಿಯೊಳಗಿನ ಗಂಟು ಎಂದು ಹಳಿಯುವುದು ಸುಲಭ. ನಮ್ಮಲ್ಲಿ ಸಾಹಿತ್ಯ ಬಲ್ಲವರು ಸಾಮಾನ್ಯವಾಗಿ ಹಾಗೆಯೇ ಮಾಡುತ್ತ ಬಂದಿದ್ದೇವೆ. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ, ನಿಜ. ಆದರೆ ಕನ್ನಡಿಯ ಮುಂದೆ ನಿಜವಾದ ಗಂಟೊಂದು ಇದ್ದರೆ ತಾನೆ ಒಳಗೆ ಅದು ಕಾಣುವುದು? ಆ ಹೊರಗಿನ ಗಂಟಿಗೂ ಒಳಗಿನ ಬಿಂಬಕ್ಕೂ ಅಳತೆ ಹೊಂದುತ್ತದೆಯೆ ಎಂದು ನೋಡುವುದು ನಮ್ಮ ಕೆಲಸ. ಯಂತ್ರಗಳು ಇಂದು ಇಲ್ಲದ ಕೋಡುಬಳೆಯ ಚಿತ್ರವನ್ನೂ ಇಲ್ಲದ ಸದ್ದನ್ನೂ ಕೇಳಿದೊಡನೆ ಸೃಷ್ಟಿಸಿ ಕೊಡಬಲ್ಲವು. ಹಿಟ್ಟು ಬೇಡ, ಎಣ್ಣೆ ಬೇಡ, ಪೂರ್ವದ ಕಿಟಕಿಯೂ ಬೇಡ. ಅಂಥ ಕಾಲದಲ್ಲಿ ಇಪ್ಪತ್ತರ ಹರೆಯದ ಐವರು ಒಂದು ಸದ್ದಿಗಾಗಿ ನಲವತ್ತು ಕೋಡುಬಳೆಗಳನ್ನು ಮುರಿದುದು ವ್ಯರ್ಥವಾಯಿತೆಂದು ನನಗೆ ತೋರುವುದಿಲ್ಲ. ಮುಂದೆ ಅವರಲ್ಲಿ ಯಾರು ಯಾವ ಸಂಸ್ಥೆ ಸೇರಿ ಏನನ್ನು ಮಾರುವ ಚಿತ್ರ ತೆಗೆಯುವರೋ ತಿಳಿಯದು. ತೆಗೆಯುವಾಗ, ಇದನ್ನು ಮಾಡಿದವರು ಕಣ್ಣು ಮುಚ್ಚಿ ಕೇಳಿದರೆ ತಮ್ಮದೆಂದು ಗುರುತಿಸುವರೆ ಎಂಬ ಒಂದು ಪ್ರಶ್ನೆ ಅವರ ಮನಸ್ಸಿನಲ್ಲಿ ಸುಳಿದರೆ ನಮ್ಮ ತರಗತಿಯ ಕೆಲಸ ಸಾರ್ಥಕ.